ಲಗಮಣ್ಣ ತಂದ ಮಾತು

ಮೊನ್ನೆ ಅಣ್ಣನ ಮಗನ ಮದುವೆಗೆಂದು ನಿಪ್ಪಾಣಿಗೆ ಹೋಗಿದ್ದೆ. ತಂಬಾಕು ತುಂಬಿಡುತ್ತಿದ್ದ ಹಳೆಯ ವಖಾರುಗಳ ಓಣಿಯಲ್ಲಿ ಕಾಲಿಟ್ಟದ್ದೇ ತಡ, ಒಂದರ ಹಿಂದೊಂದು ಸೀನು ಬಂದವು. ವಖಾರುಗಳು ಮುಚ್ಚಿ ಎಷ್ಟೋ ವರ್ಷವಾಯಿತು. ಒಂದರಲ್ಲಿ ಟೈಲ್ಸ್ ಅಂಗಡಿ, ಇನ್ನೊಂದರಲ್ಲಿ ಕೋಚಿಂಗ್ ಕ್ಲಾಸು. ಆದರೂ ಗೋಡೆಗೆ ಹಿಡಿದ ಘಾಟು ಬಿಟ್ಟಿಲ್ಲ. ಓಣಿಯ ತುದಿಗೆ ನನ್ನ ತವರುಮನೆ. ಅದರ ಕಟ್ಟೆಯ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಾಗ ಹಳೆಯದೆಲ್ಲ ನೆನಪಾಯಿತು. ಇದೇ ಕಟ್ಟೆಯ ಮೇಲೆ, ಇದೇ ಘಾಟಿನಲ್ಲಿ, ಎಳೆಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಒಂದು ಜೀಪಿನ ದಾರಿ ಕಾದಿದ್ದೆ. ಅದು ಬರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನನ್ನು ಕೊಟ್ಟದ್ದು ಶೇಡಬಾಳಕ್ಕೆ. ಕಬ್ಬು, ಅರಿಸಿಣದ ಒಕ್ಕಲುತನ. ಬಸದಿಗೆ ಹೋಗಿ ಬಾರದೆ ಬಾಯಿಗೆ ನೀರು ಹಾಕದ ಮನೆ. ಮದುವೆಯಾಗಿ ಹೋದ ಹೊಸದರಲ್ಲೇ ಅಡುಗೆಮನೆಯ ಪಾತ್ರೆಗಳು ನನ್ನ ಕಣ್ಣಿಗೆ ಬಿದ್ದವು. ನಮ್ಮ ಕಡೆ ಪಾತ್ರೆ ಕೊಂಡರೆ ಅದರ ಮೇಲೆ ಹೆಸರು ಹಾಕಿಸುವುದು ಪದ್ಧತಿ. ಆ ಮನೆಯ ಹಂಡೆ, ಬೋಗುಣಿ, ತಂಬಿಗೆಗಳ ಮೇಲೆ ಹೆಸರು ಇರಬೇಕಾದ ಜಾಗದಲ್ಲಿ ಕಾನಸು, ಅಂದರೆ ಕಬ್ಬಿಣದ ಅರ, ಹಾಕಿ ಉಜ್ಜಿದ ಕಲೆ. ಕಳವಿನ ಮಾಲೇನು ಎಂದು ಗಂಡನನ್ನು ಕೇಳಿಯೇಬಿಟ್ಟೆ. ನನ್ನ ಬಾಯಿ ಯಾವತ್ತೂ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ. ಧನಪಾಲ, ಅಂದರೆ ನನ್ನ ಗಂಡ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಅವೆಲ್ಲ ಅಕ್ಕನ ಮದುವೆಗೆಂದು ಕೊಂಡದ್ದು ಎಂದ.

ಅವನ ಅಕ್ಕ ಕುಸುಮ. ನರ್ಸಿನ ತರಬೇತಿ ಮುಗಿಸಿ ನಿಪ್ಪಾಣಿಯಲ್ಲಿ ಕೆಲಸಕ್ಕಿದ್ದವಳು. ಅಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಮಧುಕರನನ್ನು ಮದುವೆಯಾದಳು. ಅವನು ಕೊಂಕಣದವನು, ಬೌದ್ಧರ ಪೈಕಿ, ಮನೆಯಲ್ಲಿ ಮೀನು ತಿನ್ನುವ ಜನ. ಈ ಮೂರರಲ್ಲಿ ಒಂದೇ ಆಗಿದ್ದರೂ ನಮ್ಮ ಮಾವ ಮನೆ ಎರಡು ಮಾಡುತ್ತಿದ್ದರು, ಮೂರೂ ಕೂಡಿ ಬಂದವು. ಗಂಡ-ಹೆಂಡತಿ ಇಬ್ಬರೂ ಅವನೂರಿನ ಕಡೆಗೆ, ಸಮುದ್ರದ ನೀರು ಒಳಗೆ ಚಾಚಿದ ಖಾಡಿಯ ಆಚೆ ದಂಡೆಗೆ ಹೊರಟುಹೋದರು. ಮಾವ ಅಂಗಳದಲ್ಲಿ ಕೂತು ತಾವೇ ಕಾನಸು ಹಿಡಿದು ಒಂದೊಂದು ಪಾತ್ರೆಯ ಮೇಲಿನ ಹೆಸರನ್ನೂ ತೆಗೆದರಂತೆ. ಈ ಮನೆಯಲ್ಲಿ ಇನ್ನು ಆಕೆಯ ಹೆಸರು ಎತ್ತಕೂಡದು ಎಂದರಂತೆ. ಅತ್ತೆ ಎತ್ತಲಿಲ್ಲ. ಆದರೆ ತಂಬಿಗೆ ಹಿಡಿದು ನೀರು ಕುಡಿಯುವಾಗ ಅವರ ಹೆಬ್ಬೆರಳು ಆ ಉಜ್ಜಿದ ಜಾಗದ ಮೇಲೇ ಇರುತ್ತಿತ್ತು. ಅದನ್ನು ನಾನು ದಿನಾ ನೋಡುತ್ತಿದ್ದೆ, ನೋಡಿ ಸಂಕಟಪಡುತ್ತಿದ್ದೆ.

ಸುದ್ದಿ ಬಂದದ್ದು ನನ್ನ ತವರಿನ ಕಡೆಯಿಂದ. ಬೇಡಕಿಹಾಳದ ಲಗಮಣ್ಣ ನಿಪ್ಪಾಣಿಯ ತಂಬಾಕನ್ನು ಲಾರಿಯಲ್ಲಿ ಕೊಂಕಣಕ್ಕೆ ಹಾಕಿ ಬರುತ್ತಿದ್ದ. ವಖಾರಿನಲ್ಲಿ ತೂಕ ನೋಡುತ್ತಿದ್ದ ನಮ್ಮಪ್ಪನಿಗೆ ಸಲುಗೆಯವನು. ಒಮ್ಮೆ ಆ ಖಾಡಿಯ ದಂಡೆಯಲ್ಲಿ ಚಹಾ ಕುಡಿಯುತ್ತ ಕ್ಲೀನರನನ್ನು ಕನ್ನಡದಲ್ಲಿ ಚೆನ್ನಾಗಿ ಬೈಯುತ್ತಿದ್ದನಂತೆ. ಬಿಳಿ ಸೀರೆಯ ನರ್ಸೊಬ್ಬಳು ದೋಣಿಯಿಂದಿಳಿದು ಹೋಗುತ್ತಿದ್ದವಳು ಹಿಂದಿರುಗಿ ಬಂದು, ನೀವು ಯಾವೂರಿನವರು ಎಂದು ಕೇಳಿದಳಂತೆ. ಬೇಡಕಿಹಾಳ ಎಂದಾಗ, ಇನ್ನೊಮ್ಮೆ ಬೈಯಿರಿ, ಕೇಳಿ ಬಹಳ ದಿನವಾಯಿತು ಎಂದು ನಕ್ಕಳಂತೆ. ಆಮೇಲೆ ಶೇಡಬಾಳದ ಸುದ್ದಿ ಕೇಳುತ್ತ ಕೇಳುತ್ತ ಅತ್ತಳಂತೆ. ದೀಪಾವಳಿಗೆ ತವರಿಗೆ ಹೋದ ನನಗೆ ಅಪ್ಪ ಇದನ್ನೆಲ್ಲ ಹೇಳಿದರು. ನಾನು ಬಂದು ಅತ್ತೆಗೆ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟು ಒಂದೇ ಮಾತು ಕೇಳಿದರು: ಸೊರಗಿದಾಳಂತೇನು?

ಆಗ ನಾನು ಬಸುರಿ. ಇದನ್ನು ಹಿಡಿದೇ ಅತ್ತೆ ಹಾದಿ ಮಾಡಿದರು. ನಮ್ಮಲ್ಲಿ ಕೂಸಿಗೆ ಹೆಸರಿಡುವಾಗ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕಾದವಳು ಸೋದರತ್ತೆ. ಆಕೆ ಕುರ್ರ್ ಎಂದೊಡನೆ ಸುತ್ತ ಕೂತ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಧನಪಾಲನಿಗೆ ಇದ್ದ ಅಕ್ಕ ಒಬ್ಬಳೇ. ಮಾವ ಊಟಕ್ಕೆ ಕೂತಾಗ ಅತ್ತೆ ರೊಟ್ಟಿ ಬಡಿಯುತ್ತ, ಗೋಡೆಗೆ ಹೇಳಿದಂತೆ ಹೇಳಿದರು:

“ಗುದ್ದಿಸಿಕೊಳ್ಳಾಕ ಒಬ್ಬಾಕಿ ಬೇಕಲ್ರಿ ಈ ಮನ್ಯಾಗ. ಎಲ್ಲಿಂದ ತರೂನು?”

ಮಾವ ಅರ್ಧಕ್ಕೇ ಕೈ ತೊಳೆದು ಎದ್ದುಹೋದರು. ಅತ್ತೆ ಮರುದಿನವೂ ಅದನ್ನೇ ಹೇಳಿದರು. ಕಬ್ಬು ಕಡಿಯುವ ಸುಗ್ಗಿಯುದ್ದಕ್ಕೂ ಹೇಳಿದರು. ಹೆಸರು ಎತ್ತಲಿಲ್ಲ, ಆಣೆ ಮುರಿಯಲಿಲ್ಲ. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಕೈಯಲ್ಲಿ ಹಿಡಿದು ಮಾವ ಬಾಗಿಲಲ್ಲಿ ನಿಂತು, ಹೋಗುವುದಾದರೆ ಕಳ್ಳರ ಹಾಗೆ ಬಸ್ಸಿನಲ್ಲಿ ಹೋಗುವುದು ಬೇಡ, ಜೀಪು ಮಾಡಿಕೊಂಡು ಎಲ್ಲರೂ ಕೂಡಿ ಹಗಲು ಹೊತ್ತಿನಲ್ಲಿ ಹೋಗೋಣ ಎಂದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ನನಗಂತೂ ಆ ಮುದುಕರನ್ನು ತಬ್ಬಿಕೊಂಡುಬಿಡಬೇಕು ಅನ್ನಿಸಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಪ್ರವಾಸದ ತಯಾರಿ. ಮಾವ ಮೀರಜ, ಸಾಂಗಲಿ ಬಿಟ್ಟರೆ ಒಮ್ಮೆ ಲಾರಿಯಲ್ಲಿ ಕೂತು ಬೆಳಗೊಳಕ್ಕೆ ಹೋಗಿ ಬಂದವರು, ಅಷ್ಟೇ. ಸಮುದ್ರ ಕಂಡವರಲ್ಲ. ಕಾಗವಾಡದ ನಾಕಾದಲ್ಲಿ ನಿಲ್ಲುವ ಲಾರಿಯವರನ್ನೆಲ್ಲ ಹಿಡಿದು ಹಾದಿ ಕೇಳತೊಡಗಿದರು. ಮನೆಗೆ ಬಂದು ಪಡಸಾಲೆಯಲ್ಲಿ ಶೇಂಗಾ ಬೀಜ ಸಾಲಾಗಿಟ್ಟು ನಮಗೆಲ್ಲ ಪಾಠ. ಇದು ಕೃಷ್ಣೆಯ ಸೇತುವೆ, ಇದು ಚಿಕ್ಕೋಡಿ, ಇದು ನಿಪ್ಪಾಣಿ, ಇಲ್ಲಿಂದ ಮುಂದೆ ಆಜರೆ, ಇಲ್ಲಿ ಘಟ್ಟ ಇಳಿಯುವುದು. ಕಡೆಗೆ ಒಂದು ತಂಬಿಗೆ ನೀರು ತಂದಿಟ್ಟು, ಇದು ಖಾಡಿ. ತಂಬಿಗೆಯ ಆಚೆ ಅವರು ಯಾವ ಬೀಜವನ್ನೂ ಇಡುತ್ತಿರಲಿಲ್ಲ. ಅಲ್ಲಿಯ ಊರಿಗೆ ಅವರು ಹೆಸರು ಹೇಳುತ್ತಿರಲಿಲ್ಲ.

ಅವರ ತಲೆ ತಿಂದದ್ದು ಆ ಖಾಡಿಯೇ. ಜೀಪು ದೋಣಿ ಏರುವುದೆಂದರೆ ಏನು? ಜುಗೂಳದ ದಂಡೆಯಲ್ಲಿ ಜನರನ್ನೂ ಸೈಕಲ್ಲುಗಳನ್ನೂ ದಾಟಿಸುವ ಹೋಡಿ ಅವರಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ದೋಣಿಗೆ ಹೋಡಿ ಎಂದೇ ಹೆಸರು. ಲಗಮಣ್ಣ ಒಮ್ಮೆ ಶೇಡಬಾಳಕ್ಕೇ ಬಂದು ವಿವರಿಸಿದ. ಎರಡು ದೊಡ್ಡ ಹೋಡಿಗಳನ್ನು ಕೂಡಿಸಿ ಕಟ್ಟಿ ಮೇಲೆ ಹಲಗೆ ಹಾಸಿರುತ್ತಾರೆ, ಭರತಿ ಬಂದಾಗ ನೀರು ದಂಡೆಯ ಮಟ್ಟಕ್ಕೇರುತ್ತದೆ, ಆಗ ಜೀಪನ್ನು ಹಲಗೆಯ ಮೇಲೆ ನಡೆಸಬಹುದು. ಇಳಿತದ ಹೊತ್ತಿಗೆ ಹೋದರೆ ಕೆಸರಲ್ಲಿ ಕೂತು ಕಾಯಬೇಕು. ಭರತಿ ಯಾವಾಗ ಬರುತ್ತದೆಂದು ಮಾವ ಕೇಳಿದರು. ಅದು ತಿಥಿಯ ಮೇಲೆ, ಹುಣ್ಣಿಮೆ ಅಮಾವಾಸ್ಯೆಗೆ ಜೋರು ಎಂದ. ಮಾವನ ಮುಖ ಅರಳಿತು. ತಿಥಿ ಎಂದರೆ ಅವರ ಕೈಯೊಳಗಿನ ಮಾತು. ಅಷ್ಟಮಿ ಚತುರ್ದಶಿಗೆ ಹಸಿರು ತಿನ್ನದ ಮನೆ ನಮ್ಮದು, ಪಂಚಾಂಗ ನೋಡದೆ ಪಲ್ಯ ಮಾಡುವುದಿಲ್ಲ. ಸಮುದ್ರವೂ ತಮ್ಮ ಹಾಗೆ ತಿಥಿ ಹಿಡಿದು ನಡೆಯುತ್ತದೆಂದು ತಿಳಿದ ಮೇಲೆ ಅವರಿಗೆ ಅದರ ಭಯ ಅರ್ಧ ಹೋಯಿತು. ವೈಶಾಖದ ಹುಣ್ಣಿಮೆಯ ಮರುದಿನ ಎಂದು ಗೊತ್ತುಮಾಡಿದರು. ಹುಣ್ಣಿಮೆಯ ದಿನವೇ ಹೋಗಬಹುದಿತ್ತಲ್ಲ ಎಂದು ಧನಪಾಲ ಕೇಳಿದ. ಅಂದು ಅವರ ಹಬ್ಬ, ಮನೆತುಂಬ ಜನ ಇರುತ್ತಾರೆ, ಅವರ ಮಂದಿಯ ಮುಂದೆ ಆಕೆಗೆ ಮುಜುಗರ ಆಗಬಾರದು ಎಂದರು ಮಾವ. ಮುಜುಗರ ಯಾರಿಗೆ ಎಂದು ನನಗೆ ತಿಳಿಯಿತು, ಬಾಯಿ ಬಿಡಲಿಲ್ಲ. ಅದೊಂದು ಸಲ.

ಊಟದ ವಿಷಯಕ್ಕೆ ಮನೆಯಲ್ಲಿ ಮುನಿಸು ನಡೆಯಿತು. ದಾರಿ ದೂರ, ಕಟಕು ರೊಟ್ಟಿ, ಚಟ್ನಿ, ಸೋಸಿದ ನೀರಿನ ಕ್ಯಾನು ಎಲ್ಲ ಇಲ್ಲಿಂದಲೇ ಒಯ್ಯಬೇಕು, ಹೊತ್ತು ಮುಳುಗುವುದರೊಳಗೆ ಜೀಪಿನಲ್ಲೇ ಕೂತು ಉಂಡುಬಿಡಬೇಕು ಎಂದು ಮಾವನ ಲೆಕ್ಕ. ಅಂದರೆ ಮಗಳ ಮನೆಯಲ್ಲಿ ತುತ್ತು ಎತ್ತುವ ಪ್ರಸಂಗವೇ ಬರಬಾರದು. ಅತ್ತೆ ಹೂಂ ಎಂದರು. ಆಮೇಲೆ ಹಿತ್ತಿಲಲ್ಲಿ ನನಗೆ ಹೇಳಿದರು, ಆಕೆ ಬಡಿಸಿದರೆ ನಾನು ಉಣ್ಣುವವಳೇ, ಇವರು ಜೀಪಿನಲ್ಲಿ ಕೂತಿರಲಿ.

ಮಾವನ ಮರಾಠಿಯನ್ನು ನೆನೆದರೆ ನನಗೆ ಇಂದಿಗೂ ನಗು. ನಮ್ಮ ಗಡಿಯಲ್ಲಿ ಎಲ್ಲರೂ ಎರಡೂ ಭಾಷೆ ಆಡುತ್ತಾರೆ, ಆದರೆ ಮರಾಠಿಯಲ್ಲಿ ಕಲ್ಲು ಮಣ್ಣಿಗೂ ಗಂಡು ಹೆಣ್ಣು ಎಂಬ ಭೇದವಿದೆ. ನಿಪ್ಪಾಣಿಯಲ್ಲಿ ಬೆಳೆದ ನನಗೆ ಅದು ನೀರು ಕುಡಿದಷ್ಟು ಸಲೀಸು. ಶೇಡಬಾಳದವರಿಗೆ ಅದೊಂದು ಹತ್ತದು. ಎಲ್ಲಕ್ಕೂ ಗಂಡಿನ ರೂಪ ಹಚ್ಚಿ ಮುಂದೆ ಸಾಗುತ್ತಾರೆ: ಎಮ್ಮೆ ಬಂದ, ಬಸ್ಸು ಬಂದ, ಹೆಂಡತಿ ಬಂದ. ಮೀರಜದ ಪೇಟೆಯಲ್ಲಿ ಜನ ಮುಸಿಮುಸಿ ನಕ್ಕರೆ ಮಾವನಿಗೆ ಅದೇನೆಂದು ತಿಳಿಯುತ್ತಲೂ ಇರಲಿಲ್ಲ.

ಏಳು ತಿಂಗಳಿಗೆ ಕುಬಸ ಮಾಡಿಸಿಕೊಂಡು ನಾನು ನಿಪ್ಪಾಣಿಗೆ ಬಂದೆ. ಚೈತ್ರದಲ್ಲಿ ಹೆಣ್ಣುಕೂಸು. ಹೆಸರು ಖಾಡಿಯ ಆಚೆ ಇಡಬೇಕಾದ್ದರಿಂದ ಎಲ್ಲರೂ ಬೇಬಿ ಎಂದರು. ಜೀಪು ನಿಪ್ಪಾಣಿಯ ಮೇಲೆಯೇ ಹಾಯುವುದಿತ್ತು, ನನ್ನನ್ನೂ ಕೂಸನ್ನೂ ಬೆಳಗಿನ ಹೊತ್ತಿಗೆ ಹತ್ತಿಸಿಕೊಂಡು ಹೋಗುವುದೆಂದು ಮಾತು. ನಡುವೆ ಧನಪಾಲ ಕೂಸನ್ನು ನೋಡಲು ಬಂದಾಗೆಲ್ಲ ತಯಾರಿಯ ಸುದ್ದಿ ತರುತ್ತಿದ್ದ. ಉಗಾರದ ಗೆಳೆಯನ ಜೀಪು, ಓಡಿಸುವವನು ಇವನೇ. ಮಾವ ಮುಂದಿನ ಸೀಟು ತಮ್ಮದೆಂದು ಈಗಲೇ ಹೇಳಿಬಿಟ್ಟಿದ್ದಾರೆ, ಹೋಡಿ ಏರುವಾಗ ಹಲಗೆ ನೋಡಬೇಕಂತೆ. ಹೊಸ ಗಾಂಧಿ ಟೋಪಿ ಹೊಲಿಸಿದ್ದಾರೆ. ಕುಸುಮಕ್ಕನಿಗೂ ಲಗಮಣ್ಣನ ಕೈಯಲ್ಲಿ, ಇಂಥ ದಿನ ಬರುತ್ತೇವೆ ಎಂದು ಹೇಳಿ ಕಳಿಸಿದ್ದಾರೆ. ಕಂಡೇ ಇರದ ಆ ನಾದಿನಿಯ ಮೇಲೆ ನನಗೆ ಆಗಲೇ ಪ್ರೀತಿ ಹುಟ್ಟಿತ್ತು. ಅವಳ ಬೆನ್ನಿಗೆ ಮೊದಲ ಗುದ್ದು ನನ್ನದೇ ಎಂದು ನಾನೂ ಹೇಳಿಟ್ಟಿದ್ದೆ.

ಆ ದಿನ ಬೆಳಗ್ಗೆ ಎಣ್ಣೆ ನೀರು ಹಾಕಿ ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕುದಿಸಿದ ನೀರು, ಬಟ್ಟೆಯ ಗಂಟು ಎಲ್ಲ ಮಗ್ಗುಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. ವಖಾರಿಗೆ ಬರುವ ಹೆಂಗಸರು ಬಂದರು, ತಂಬಾಕು ಬಡಿಯುವ ಸದ್ದು ಎದ್ದಿತು, ಘಾಟಿಗೆ ಕೂಸು ಸೀನಿತು. ಅವ್ವ ಮೂರು ಸಲ ಬಂದು ಒಳಗೆ ಬಾ ಎಂದಳು. ಮಧ್ಯಾಹ್ನದ ಸೂಟಿಗೆ ಹೆಂಗಸರು ಹೊರಗೆ ಬಂದವರು ನನ್ನನ್ನು ನೋಡಿ, ಇನ್ನೂ ಹೋಗಿಲ್ಲವೇ ಎಂದು ನಕ್ಕರು. ಜೀಪು ಕೆಟ್ಟಿರಬೇಕು, ಟೈರು ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆಗೆ ಕೂಸನ್ನೆತ್ತಿಕೊಂಡು ಒಳಗೆ ಹೋದಾಗ ಸಿಟ್ಟೂ ಅಳುವೂ ಕೂಡಿಯೇ ಬಂದವು.

ಮರುದಿನ ಧನಪಾಲ ಒಬ್ಬನೇ ಬಸ್ಸಿನಲ್ಲಿ ಬಂದ. ಗಡ್ಡ ಮಾಡಿರಲಿಲ್ಲ. ಕೂಸಿನ ಕಡೆ ನೋಡದೆ ಹೇಳಿದ:

“ಹೋಗೋದ ರದ್ದ ಆತು. ಬರಬ್ಯಾಡ್ರಿ ಅಂತ ಹೇಳಿ ಕಳಿಸ್ಯಾಳ. ನಮ್ಮ ಹೆಸರ ತಗದಾಳಂತ.”

ನಾನು ನಂಬಲಿಲ್ಲ. ಬೈಗುಳ ಕೇಳಿ ಅತ್ತವಳು ಹೀಗೆ ಹೇಳಿಯಾಳೇ ಎಂದು ವಾದಿಸಿದೆ. ಅವನು, ಸ್ವತಃ ಲಗಮಣ್ಣನೇ ಬಂದು ಅಂಗಳದಲ್ಲಿ ನಿಂತು ಹೇಳಿ ಹೋದ, ಅಪ್ಪ ತಮ್ಮ ಕಿವಿಯಿಂದ ಕೇಳಿದ್ದಾರೆ ಎಂದ. ಲಗಮಣ್ಣ ಆ ಸಲ ಸಾಂಗಲಿಯ ಮೇಲೆ ಹಾದು ಬಂದದ್ದರಿಂದ ನಿಪ್ಪಾಣಿ ಮುಟ್ಟುವ ಮೊದಲೇ ಶೇಡಬಾಳ ಹಾಯ್ದಿದ್ದ. ಹೊರಡುವ ಹಿಂದಿನ ಸಂಜೆ. ರೊಟ್ಟಿಯ ಗಂಟು ಕಟ್ಟಿಯಾಗಿತ್ತು, ಜೀಪು ತೊಳೆದು ನಿಲ್ಲಿಸಿಯಾಗಿತ್ತು. ಲಾರಿಯ ಇಂಜಿನ್ ಬಂದ್ ಮಾಡದೆ ಇಳಿದು, ಮಾತು ಮುಟ್ಟಿಸಿ, ಹೊತ್ತಾಯಿತೆಂದು ಹೋಗಿಯೇಬಿಟ್ಟಿದ್ದ. ಮಾವ ಯಾರನ್ನೂ ಏನೂ ಕೇಳಲಿಲ್ಲವಂತೆ. ನಾನು ಆಕೆಯದು ತೆಗೆದಿದ್ದೆ, ಆಕೆ ನಮ್ಮದು ತೆಗೆದಳು, ಸರಿಹೋಯಿತು ಎಂದರಂತೆ. ಟೋಪಿ ತೆಗೆದು ಗೂಟಕ್ಕೆ ಹಾಕಿದರಂತೆ.

ನಾನು ಶೇಡಬಾಳಕ್ಕೆ ಮರಳಿದ್ದು ಮಳೆ ಹಿಡಿದ ಮೇಲೆ. ಅಂಥ ಮಳೆಗಾಲವನ್ನು ಮತ್ತೆಂದೂ ಕಂಡಿಲ್ಲ. ಮಳೆ ಹೆಚ್ಚಿತ್ತು ಎಂದಲ್ಲ, ಮನೆಯಲ್ಲಿ ಮಾತಿರಲಿಲ್ಲ. ಅತ್ತೆ ಬೆಲ್ಲ ಬಿಟ್ಟಿದ್ದರು. ನಮ್ಮಲ್ಲಿ ಮನಸ್ಸಿಗೆ ಪೆಟ್ಟಾದಾಗ ಹೀಗೆ ಯಾವುದೋ ಒಂದು ರುಚಿಯನ್ನು ಬಿಡುವ ನೇಮ ಹಿಡಿಯುತ್ತಾರೆ. ಕಬ್ಬು ಬೆಳೆಯುವ ಮನೆಯಲ್ಲಿ ಬೆಲ್ಲ ಬಿಟ್ಟ ಆ ಹೆಂಗಸು ಸಾಯುವವರೆಗೂ ಅದನ್ನು ಮುಟ್ಟಲಿಲ್ಲ. ಮಾವ ಹಗಲೆಲ್ಲ ಹೊಲದಲ್ಲೇ. ಕೂಸನ್ನು ಎತ್ತಿಕೊಳ್ಳುತ್ತಿದ್ದರು, ಆದರೆ ಬೇಬಿ ಎಂದು ಕರೆಯುತ್ತಿರಲಿಲ್ಲ. ದೂರದ ಸಂಬಂಧದ ತಂಗಿಯೊಬ್ಬಳನ್ನು ಕರೆಸಿ ಹೆಸರಿಟ್ಟುಬಿಡೋಣ ಎಂದು ಧನಪಾಲ ಒಮ್ಮೆ ಅಂದಾಗ, ಅವಸರ ಏನಿದೆ ಎಂದರು. ಆ ಅವಸರ ಏನಿದೆ ಎಂಬ ಮಾತಿನ ಒಳಗೆ ಏನಿತ್ತೋ, ಅದನ್ನು ಅವರು ಯಾರಿಗೂ ತೆರೆದು ತೋರಿಸಲಿಲ್ಲ.

ಭಾದ್ರಪದದ ನೋಂಪಿಗಳು ಮುಗಿದ ಮೇಲೆ ಒಂದು ಬೆಳಗ್ಗೆ ಅರಿಸಿಣದ ಹೊಲಕ್ಕೆ ಹೋದರು. ದಣಿವಾಯಿತೆಂದು ಬದುವಿನ ಮೇಲೆ ಕೂತವರು ಏಳಲಿಲ್ಲ. ಆಳುಗಳು ಹೊತ್ತುಕೊಂಡು ಬರುವಾಗ ದಾರಿಯಲ್ಲೇ ಜೀವ ಹೋಗಿತ್ತು. ಅಕ್ಕನಿಗೆ ಹೇಳಿ ಕಳಿಸಬೇಕೆಂದು ನಾನು ಧನಪಾಲನಿಗೆ ಅಂದೆ, ಕೈ ಹಿಡಿದು ಅಂದೆ. ಅವನು ಎಂದೂ ಇಲ್ಲದಷ್ಟು ಗಟ್ಟಿ ದನಿಯಲ್ಲಿ, ಹೆಸರು ತೆಗೆದವರಿಗೆ ಸಾವಿನ ಸುದ್ದಿ ಯಾಕೆ ಬೇಕು ಎಂದ. ಅತ್ತೆ ನನ್ನ ಮುಖವನ್ನೂ ಮಗನ ಮುಖವನ್ನೂ ನೋಡಿ ಒಳಗೆ ಹೋದರು. ಸುದ್ದಿ ಹೋಗಲಿಲ್ಲ.

ದೀಪಾವಳಿ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ, ನಾನು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆವು. ಧನಪಾಲ ಎತ್ತಿನ ಹಗ್ಗ ಹೊಸೆಯುತ್ತಿದ್ದ. ಲಗಮಣ್ಣ ಬಂದ. ಮಾವನ ಸುದ್ದಿ ತಡವಾಗಿ ತಿಳಿಯಿತೆಂದು, ಮಾತಾಡಿಸಿ ಹೋಗಲು ಬಂದಿದ್ದ. ಅವನನ್ನು ಕಂಡೊಡನೆ ಮೂವರ ಮುಖವೂ ಬಿಗಿಯಿತು. ಪಾಪ, ಅವನಿಗೆ ಅದು ದುಃಖವೆಂದೇ ಅನ್ನಿಸಿರಬೇಕು. ನೀರು ಕುಡಿದು, ಹೋದವರ ಗುಣ ಹೇಳಿ, ಏಳುವ ಮೊದಲು ಅತ್ತೆಯ ಕಡೆ ತಿರುಗಿದ.

“ಇನ್ನರ ಒಮ್ಮಿ ಹೋಗಿ ಬರ್ರಿ ಅವ್ವಾರ. ನಾವ ಮತ್ತ ಹಾಕ್ಯಾರೀಗ.”

ಧನಪಾಲ ಹಗ್ಗ ಬಿಟ್ಟು ಎದ್ದುನಿಂತ. ತೆಗೆಯುವುದು, ಹಾಕುವುದು ಇವರ ಆಟವೇನು ಎಂದು ಅವನ ಬಾಯಿಗೆ ಬಂದದ್ದು ಕಂಡಿತು. ಆದರೆ ನನ್ನ ಕಿವಿಗೆ ಬೇರೆಯೇ ಏನೋ ಬಿತ್ತು. ಹೆಸರು ಹಾಕಿದ್ದಾರೆ ಎನ್ನಬೇಕಾದರೆ ಈ ಮನುಷ್ಯ ಕನ್ನಡದ ನಡುವೆ ಮರಾಠಿಯ ನಾವ ಎಂದೇಕೆ ಅನ್ನಬೇಕು?

“ಎಲ್ಲಿ ನಾವ ಲಗಮಣ್ಣಾ?” ಎಂದೆ.

“ಖಾಡ್ಯಾಗಿಂದ್ರಿ. ಮಳಿಗಾಲಕ್ಕ ನೀರಾಗಿಂದ ತಗದ ದಂಡಿಗೆ ಎಳದ ಹಾಕಿರ್ತಾರಲ್ರಿ. ಈ ವರ್ಷ ಗಾಳಿ ಲಗೂನ ಎದ್ದ, ಹುಣ್ಣಿವಿಗಿಂತ ಮೊದಲ ತಗದ್ರು. ಸುಮ್ನ ಬಂದ ಈಚೀ ದಂಡ್ಯಾಗ ಕುಂತೀರಿ ಅಂತ ಹೇಳಿ ಕಳಿಸಿದ್ರಲ್ರಿ ಅಕ್ಕಾರು. ಅವ್ರ ಮನಿಯವ್ರು ಹೇಳಿದ ಮಾತ ಇದ್ದದ್ದ ಇದ್ದಂಗ ತಂದ ಮುಟ್ಟಿಸಿದ್ನಿ: ನಾವ ಕಾಢಲಾ, ಆತಾ ಯೇಊ ನಕಾ.”

ನಾವ ತೆಗೆದರು, ಈಗ ಬರಬೇಡಿ ಎಂದು ಅದರ ಅರ್ಥ. ಮರಾಠಿಯಲ್ಲಿ ನಾವ ಎಂದರೆ ಹೆಸರು. ನಾವ ಎಂದರೆ ದೋಣಿಯೂ ಹೌದು. ಹೆಸರಾದರೆ ಕಾಢಲಂ, ದೋಣಿಯಾದರೆ ಕಾಢಲೀ. ದೋಣಿ ಅವರಲ್ಲಿ ಹೆಣ್ಣು. ಮಧುಕರ ಕಾಢಲೀ ಎಂದೇ ಹೇಳಿರಬೇಕು. ಬೇಡಕಿಹಾಳದ ಲಗಮಣ್ಣನ ಬಾಯಲ್ಲಿ ಅದು ನಮ್ಮವರ ರೂಢಿಯಂತೆ ಗಂಡಾಯಿತು, ಕಾಢಲಾ ಆಯಿತು. ದೋಣಿಗೆ ಹೋಡಿ ಎನ್ನುವ ನಮ್ಮ ಮನೆಯಲ್ಲಿ ನಾವ ಎಂದರೆ ಹೆಸರು ಒಂದೇ. ಅದರಲ್ಲೂ ತನ್ನ ಕೈಯಾರೆ ಕಾನಸು ಹಿಡಿದು ಮಗಳ ಹೆಸರು ತೆಗೆದ ಮನುಷ್ಯನ ಕಿವಿಗೆ ಅದು ಇನ್ನೇನೆಂದು ಬೀಳಬೇಕು? ಕಾಢಲೀ ಅಂದನೋ ಕಾಢಲಂ ಅಂದನೋ ಎಂದು ನಾನು ಮತ್ತೆ ಕೇಳಿದೆ. ಲಗಮಣ್ಣ ಕಣ್ಣು ಪಿಳುಕಿಸಿ, ಎರಡೂ ಒಂದೇ ಅಲ್ಲವೇ ಎಂದ.

ನಾನು ಬಿಡಿಸಿ ಹೇಳಿದೆ. ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಾಗೇ ಹಿಡಿದಿದ್ದರು.

“ಅಂದ್ರ ಆಕಿ ಏನೂ ತಗದಿಲ್ಲ?”

“ಇಲ್ರಿ ಅತ್ಯಾ.”

ಲಗಮಣ್ಣನ ಮುಖ ಕರ್ರಗಾಯಿತು. ಅವನು ಗೋಡೆ ಹಿಡಿದು ಕೂತ. ನನಗೆ ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ. ಅವನ ಮೇಲೇ? ಕೇಳಿದ ಮಾತನ್ನು ನಿಯತ್ತಿನಿಂದ ಹೊತ್ತು ತಂದವನು ಅವನು. ಮಾವನ ಮೇಲೇ? ಯಾವ ನಾವ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ, ಯಾಕೆಂದರೆ ಆ ಪೆಟ್ಟು ತಮಗೆ ಸಲ್ಲಬೇಕಾದ್ದೇ ಎಂದು ಅವರಿಗೆ ಒಳಗೆ ಅನ್ನಿಸಿತ್ತು. ಹೀಗೆಂದು ನಾನು ಈಗ ಅಂದುಕೊಳ್ಳುತ್ತೇನೆ. ಅಂದು ಮಾತ್ರ ಬರಿ ಅಳು ಬಂದಿತ್ತು. ಧನಪಾಲ ಚಪ್ಪಲಿ ಮೆಟ್ಟದೆ ಹೊಲದ ಕಡೆ ನಡೆದುಹೋದ. ಹೊತ್ತು ಮುಳುಗುವಾಗ ಬಂದವನು ಉಣ್ಣಲಿಲ್ಲ. ಜೀಪು ತರುತ್ತೇನೆ ಎಂದಷ್ಟೇ ಅಂದ.

ಈ ಸಲ ಯಾರೂ ಪಂಚಾಂಗ ನೋಡಲಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸಲಿಲ್ಲ. ಮತ್ತೊಂದು ಮಾತು ಮತ್ತೆ ಎಲ್ಲಿ ಹೊರಳುತ್ತದೋ ಎಂಬ ಹೆದರಿಕೆ. ಲಗಮಣ್ಣನಿಂದಲೂ, ಆ ಕಡೆ ಹೋದರೆ ಬಾಯಿ ಬಿಡುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದೆವು. ನಸುಕಿನಲ್ಲಿ ಶೇಡಬಾಳ ಬಿಟ್ಟೆವು. ಮುಂದಿನ ಸೀಟಿನಲ್ಲಿ ಕೂರಿ ಎಂದರೆ ಅತ್ತೆ ಒಪ್ಪಲಿಲ್ಲ, ನನ್ನೊಡನೆ ಹಿಂದೆಯೇ ಕೂತರು. ನೀರಿನ ಕ್ಯಾನನ್ನು ಆ ಸೀಟಿನ ಮೇಲಿಟ್ಟೆವು. ಚಿಕ್ಕೋಡಿ, ನಿಪ್ಪಾಣಿ, ಆಜರೆ. ಶೇಂಗಾ ಬೀಜದ ಸಾಲು ನನ್ನ ಕಣ್ಣ ಮುಂದೆ. ಘಟ್ಟ ಇಳಿಯುವಾಗ ಮಂಜು, ಕೆಳಗೆ ಕೆಂಪು ಮಣ್ಣು, ಒದ್ದೆ ಹಸಿರು, ಆಮೇಲೆ ಮೀನಿನ ವಾಸನೆ. ಅತ್ತೆ ಮೂಗಿಗೆ ಸೆರಗು ಹಿಡಿದರು, ಸ್ವಲ್ಪ ಹೊತ್ತಿಗೆ ತಾವೇ ಬಿಟ್ಟರು.

ಖಾಡಿ ಮುಟ್ಟಿದಾಗ ಇಳಿತ. ಕೆಸರಲ್ಲಿ ಕೂತು ಕಾಯಬೇಕಾಯಿತು, ಮಾವನಿದ್ದಿದ್ದರೆ ತಿಥಿ ನೋಡಿ ಹೊರಡಿಸುತ್ತಿದ್ದರು. ಭರತಿ ಏರಿದ ಮೇಲೆ ಧನಪಾಲ ಹಲ್ಲು ಕಚ್ಚಿ ಜೀಪನ್ನು ಹಲಗೆಯ ಮೇಲೆ ಹತ್ತಿಸಿದ. ಎರಡು ದೋಣಿಗಳೂ ಒಮ್ಮೆ ಬಗ್ಗಿ ಎದ್ದವು, ಕೂಸು ಬೆಚ್ಚಿ ಅತ್ತಿತು. ನೀರಿನ ನಡುವೆ ಬಂದಾಗ ಧನಪಾಲ ತಿರುಗಿ ಅತ್ತೆಯನ್ನು ಕೇಳಿದ, ಅಕ್ಕ ಕೇಳಿದರೆ ಏನೆಂದು ಹೇಳುವುದು. ಆಕೆಗೆ ಅಪ್ಪ ಇಲ್ಲದ್ದೇ ಗೊತ್ತಿಲ್ಲ. ಆ ಬೇಸಿಗೆಯಲ್ಲಿ ನಾವು ಬರದಿದ್ದುದು ದೋಣಿ ಇಲ್ಲದ್ದಕ್ಕೆ ಎಂದು ಅವಳು ತಿಳಿದಿದ್ದಾಳೆ. ಮಳೆ ನಿಂತ ಮೇಲೆ ಬರುತ್ತಾರೆಂದು ಕಾದಿದ್ದಾಳೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡೋಣ ಎಂದು ಅವನ ಮಾತು. ಅತ್ತೆ ಸೆರಗನ್ನು ತಲೆಯ ಮೇಲಿಂದ ಹುಬ್ಬಿನವರೆಗೆ ಎಳೆದು ಗಲ್ಲದ ಕೆಳಗೆ ಬಿಗಿಯಾಗಿ ಹಿಡಿದುಕೊಂಡರು. ನಾನು ಗಾಳಿಗೆ ಎಂದುಕೊಂಡೆ.

ಆಮೇಲೆ ಅಲ್ಲಿ ನಾಲ್ಕು ದಿನ ಇದ್ದೆವು. ಕೂಸಿಗೆ ಹೆಸರಾಯಿತು, ಅದೇ ಹೆಸರಿನಿಂದ ನನ್ನ ಮಗಳು ಇಂದು ಓಡಾಡಿಕೊಂಡಿದ್ದಾಳೆ. ಅತ್ತೆ ಮಗಳ ಕೈಯ ಊಟ ಉಂಡರು. ಮಧುಕರ ಎಷ್ಟು ಮೆತ್ತಗಿನ ಮನುಷ್ಯನೆಂದರೆ ನಾವಿದ್ದಷ್ಟು ದಿನ ಆ ಮನೆಯ ಒಲೆಯ ಮೇಲೆ ಮೀನು ಏರಲಿಲ್ಲ. ಅದೆಲ್ಲ ಇರಲಿ. ನನ್ನ ಕಣ್ಣಿಗೆ ಕಟ್ಟಿರುವುದು ಆ ದಂಡೆ ಮುಟ್ಟಿದ ಗಳಿಗೆ.

ಕರ್ನಾಟಕದ ನಂಬರಿನ ಜೀಪು ದೋಣಿಯಲ್ಲಿ ಬರುತ್ತಿದೆ ಎಂದು ಯಾರೋ ಹೇಳಿರಬೇಕು. ಇಳಿಜಾರಿನಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ಓಡುತ್ತ ಬಂದಳು. ಜಾರಿದಳು, ಎದ್ದಳು, ಮತ್ತೆ ಓಡಿದಳು. ನಾನು ಅವಳನ್ನು ಕಂಡದ್ದು ಅದೇ ಮೊದಲು, ಆದರೆ ಹಣೆ, ಮೂಗು ಎಲ್ಲ ಮಾವನದೇ. ಜೀಪು ದಂಡೆಗೆ ಇಳಿಯುವುದಕ್ಕೂ ಅವಳು ಬಂದು ಬಾನೆಟ್ಟಿನ ಮೇಲೆ ಕೈಯಿಡುವುದಕ್ಕೂ ಸರಿಹೋಯಿತು. ಅವಳು ಮೊದಲು ನೋಡಿದ್ದು ಮುಂದಿನ ಸೀಟು. ಆಮೇಲೆ ತಮ್ಮನ ಮುಖ. ಆಮೇಲೆ ಬಗ್ಗಿ ಹಿಂದೆ ನಮ್ಮನ್ನು ನೋಡಿದಳು, ನಮ್ಮ ಹಿಂದೆ ಮತ್ತೆ ಯಾರಾದರೂ ಇದ್ದಾರೇನೋ ಎಂಬಂತೆ ನೋಡಿದಳು.

“ಅಪ್ಪಾ ಬರಲಿಲ್ಲೇನ?” ಎಂದಳು. ಅವಳ ದನಿ ಸಣ್ಣದಾಯಿತು. “ಇನ್ನೂ ಸಿಟ್ಟ ಐತೇನ ಅಪ್ಪಾಗ?”

ಧನಪಾಲ ಸ್ಟಿಯರಿಂಗಿಗೆ ಹಣೆ ಹಚ್ಚಿದ. ಅತ್ತೆ ಕೆಸರಿಗೆ ಕಾಲಿಟ್ಟು ಜೀಪಿನಿಂದ ಇಳಿದರು. ಮಗಳ ಎರಡೂ ಕೈ ಹಿಡಿದರು. ಪಡಸಾಲೆಯಲ್ಲಿ ಕೂತು ಸಣ್ಣ ಸುಳ್ಳಿಗೂ ನಾಲಿಗೆ ಹೊರಳಿಸದ ಹೆಂಗಸು ಅವರು.

“ಸಿಟ್ಟ ಎಲ್ಲಿದವ್ವಾ. ಎಲ್ಲಾರಕಿಂತ ಮೊದಲ ಹೊಂಟ ಕುಂತಾವ ನಿಮ್ಮಪ್ಪನ.”

ಹಾಗೆಂದು, ಗಲ್ಲದ ಕೆಳಗೆ ಹಿಡಿದಿದ್ದ ಸೆರಗನ್ನು ಬಿಟ್ಟು, ತಲೆಯಿಂದ ಹಿಂದಕ್ಕೆ ಸರಿಸಿದರು. ಕುಸುಮಕ್ಕ ಅವರ ಬರಿ ಹಣೆಯನ್ನು ನೋಡಿದಳು.